ಅದು ಯಾರಿಗೂ ಹೇಳಂಗಿಲ್ಲ

ರಾತ್ರಿ ಎರಡೂ ನಲವತ್ತಕ್ಕೆ
ಕೌಲ್ ಬಜಾರಿನ ನಮ್ಮ ಆಸ್ಪತ್ರೆಯ
ಹನ್ನೊಂದು ಪರದೆಗಳೂ ಒಟ್ಟಿಗೆ ಕಪ್ಪಾದವು.
ಕರೆಂಟು ಹೋಗಿರಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು,
ಅದಿರಿನ ಕೆಂಪು ಧೂಳನ್ನು
ಈ ಮೂಲೆಯಿಂದ ಆ ಮೂಲೆಗೆ ದಾಟಿಸುತ್ತ.

ಆಮೇಲೆ ಅಕ್ಷರ ಮೂಡಿದವು, ಇಂಗ್ಲಿಷಿನಲ್ಲಿ, ಬಲು ಮರ್ಯಾದೆಯಿಂದ:
ನಿಮ್ಮ ಕಡತಗಳು ನಮ್ಮಲ್ಲಿ ಕ್ಷೇಮವಾಗಿವೆ.
ಇಷ್ಟು ಕೊಟ್ಟರೆ ವಾಪಸು, ಇಲ್ಲವಾದರೆ ಊರಿಗೆಲ್ಲ ಹಂಚುತ್ತೇವೆ.
ಕ್ಷೇಮ ಎಂಬ ಪದವನ್ನು ಅವತ್ತಿನಿಂದ
ನಾನು ಯಾವ ಕಾಗದದಲ್ಲೂ ಬರೆದಿಲ್ಲ.

ನರ್ಸ್ ಓಡಿಬಂದಳು:
ನಾಲ್ಕನೇ ಬೆಡ್ಡಿನ ಮುದುಕಪ್ಪನಿಗೆ
ಯಾವ ಇಂಜೆಕ್ಷನ್ ಆಗಿಬರುವುದಿಲ್ಲ?
ಮಗನನ್ನು ಎಬ್ಬಿಸಿ ಕೇಳಿದೆವು.
ಕಣ್ಣುಜ್ಜುತ್ತ ಅಂದ: ನೀವೇ ಬರಕೊಂಡಿದ್ರಲ್ಲ.

ಮೆಟ್ಟಿಲ ಕೆಳಗಿಂದ ಎರ್ರಿಸ್ವಾಮಿ
ಕೆಂಪು ಬಟ್ಟೆಯ ಗಂಟು ಎಳೆದು ತಂದ.
ಸುಡು ಅಂದಿದ್ದರು ಅದನ್ನು, ಮೂರು ವರ್ಷದ ಹಿಂದೆ.
ಅವನು ಸುಟ್ಟಿರಲಿಲ್ಲ.
ಅಂಚೆಲ್ಲ ತಿಂದುಹೋಗಿದ್ದ ರಿಜಿಸ್ಟರಿನಲ್ಲಿ
ಮುದುಕಪ್ಪನ ಹೆಸರು, ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು.
‘ಇಲಿ ತಿಂತಾವೆ ನಿಜ,’ ಅಂದ ಎರ್ರಿಸ್ವಾಮಿ,
‘ಆದ್ರೆ ಓದಂಗಿಲ್ಲ.’

ಬೆಳಗ್ಗೆ ಕಂಪ್ಯೂಟರಿನ ಶೇಕ್ಷಾವಲಿ ಬಂದ.
ನನ್ನ ಕೀಬೋರ್ಡು ಮಗುಚಿದ.
ಗಾಯದ ಪಟ್ಟಿಯ ತುಂಡಿನ ಮೇಲೆ
ಆಸ್ಪತ್ರೆಯ ಹೆಸರು, ಒಂದು ಎರಡು ಮೂರು.
ಅದೇ ಬೀಗ, ಅದೇ ಬೀಗದಕೈ.
ಅವನು ಏನೂ ಅನ್ನಲಿಲ್ಲ, ಪಟ್ಟಿ ಕಿತ್ತು ಜೇಬಿಗಿಟ್ಟುಕೊಂಡ.
‘ಔಷಧಿ ಬಾಕಿ ಬಿಲ್ಲು’ ಅಂತ ಒಂದು ಮೇಲ್ ಬಂದಿತ್ತು,
ಯಾರು ತೆರೆದಿರಿ? ಎಲ್ಲರನ್ನೂ ಕೇಳಿದ.
ಎಲ್ಲರ ಜೊತೆ ನಾನೂ ತಲೆಯಾಡಿಸಿದೆ, ಇಲ್ಲವೆಂದು.

ತೆರೆದವಳು ನಾನು.
ಹನ್ನೊಂದು ದಿನದ ಹಿಂದೆ, ಚಹಾ ಆರುವುದರೊಳಗೆ.

ಈಗ ನನಗೆ ನಿದ್ದೆಯಲ್ಲಿ ಬರುವುದು
ಆ ಮರ್ಯಾದೆಯ ಅಕ್ಷರಗಳಲ್ಲ, ಸುಂಕಮ್ಮ.
ಜೀನ್ಸಿಗೆ ಬಣ್ಣ ಹಾಕಿ ಹಾಕಿ
ಬೆರಳೆಲ್ಲ ನೀಲಿಯಾದ ಸುಂಕಮ್ಮ.
ಹೆಬ್ಬೆಟ್ಟು ಯಂತ್ರಕ್ಕೆ ಹತ್ತದೆ
ಸೆರಗು ಬಾಯಿಗಿಟ್ಟು ಬಾಯಲ್ಲೇ ಹೇಳಿದ್ದಳು,
ಹೇಳಿ, ‘ಬರೀಬ್ಯಾಡವ್ವ ಅದನ್ನ’ ಅಂದಿದ್ದಳು.
ನಾನು ನಕ್ಕೆ:
‘ಇದು ಮನುಷ್ಯರಂಗಲ್ಲ ಸುಂಕಮ್ಮ,
ಇದು ಯಾರಿಗೂ ಹೇಳಂಗಿಲ್ಲ.’
ಅವಳೂ ನಕ್ಕು, ಬಿಟ್ಟಿದ್ದನ್ನೂ ಸೇರಿಸಿ ಹೇಳಿದಳು.
ಅದೇನೆಂದು ಇಲ್ಲಿ ಬರೆಯುವುದಿಲ್ಲ.
ಒಮ್ಮೆ ಬರೆದದ್ದೇ ಸಾಕು.

ಹೊಸ ಗುಟ್ಟಿನ ಪದ ಈಗ ತಿಂಗಳಿಗೊಮ್ಮೆ ಬದಲು,
ಅದರ ಮೇಲೆ ಮೊಬೈಲಿಗೆ ಬರುವ ಆರು ಅಂಕಿ.
ಬಾಯಿಪಾಠ ಮಾಡಿದ್ದೇನೆ, ಎಲ್ಲೂ ಅಂಟಿಸಿಲ್ಲ.
ಶೇಕ್ಷಾವಲಿಗೂ ಕೊನೆಗೆ ಹೇಳಿದೆ.
ಗೊತ್ತಿತ್ತು, ಅಂದ.

ಮಂಗಳವಾರ, ಟೋಕನ್ ಹದಿನೇಳು.
ಸುಂಕಮ್ಮ ಮೊದಲು ಪರದೆ ನೋಡಿದಳು, ಆಮೇಲೆ ನನ್ನ.
ನೀಲಿ ಹೆಬ್ಬೆಟ್ಟು ಒತ್ತಿದಳು. ಹತ್ತಲಿಲ್ಲ.
‘ಬಾಯಲ್ಲೇ ಹೇಳವ್ವ’ ಅಂದೆ.
ಹೆಸರು ಹೇಳಿದಳು.
ಅಷ್ಟೇ ಹೇಳಿದಳು.
ಮುಂದಿನ ಕಾಲಮ್ಮಿನಲ್ಲಿ ಗೀಟೊಂದು ಮಿಣುಕುತ್ತ ನಿಂತಿತ್ತು,
ಹಿಂದಿನಿಂದ ಹದಿನೆಂಟು, ಬೇಗ ಬೇಗ, ಅಂತ ಕೂಗಿದ.