ಹಿಂಡಬೇಡ

ಹಿಂಡಬೇಡ ಮಾರಾಯ್ತಿ, ಅದೇನು ಕಂಬಳಿಯೇ?
ಇಡೀ ದಿನ ಮೀನು ಕೊಯ್ಯುವ ಕೈ ನಿನ್ನದು, ಬಲ ಜಾಸ್ತಿ, ಗೊತ್ತು.
ಈಜುಡುಗೆಗೆ ಮೂಳೆಯಿಲ್ಲ, ಬೊಗುಮಿಲಾ,
ಇರುವುದು ಬರೀ ನರ.
ಒಮ್ಮೆ ಸಡಿಲವಾಯಿತೋ, ಮತ್ತೆ ಮೈ ಹಿಡಿಯುವುದಿಲ್ಲ.

ಬಾ ಇಲ್ಲಿ. ತಣ್ಣೀರಿನ ನಲ್ಲಿ ಎಡಗಡೆಯದು.
ನಿಮ್ಮ ಪೋಲೆಂಡಿನಲ್ಲಿ ಹೇಗೋ,
ಐಸ್‌ಲ್ಯಾಂಡಿನ ಈ ಮೂಲೆಯಲ್ಲಿ ಬಿಸಿನೀರು ನೆಲದಿಂದಲೇ ಬರುತ್ತದೆ,
ಕೊಳೆತ ಮೊಟ್ಟೆಯ ವಾಸನೆ ಹೊತ್ತು.
ಅದರಲ್ಲೇ ಮೀಯುತ್ತೇವೆ, ಆಲೂಗಡ್ಡೆ ತೊಳೆಯುತ್ತೇವೆ,
ಹೆಪ್ಪುಗಟ್ಟಿದ ಬೀದಿಯನ್ನೂ ಕರಗಿಸುತ್ತೇವೆ.
ಈ ಬಟ್ಟೆಗೆ ಮಾತ್ರ ತಣ್ಣೀರು.

ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದೆಯಲ್ಲ,
ದಿನದ ಲೆಕ್ಕ ಬಿಡು.
ನೀರಿಗಿಳಿದಷ್ಟು ಸಲ.
ಈಜದೆ ಬಿಸಿ ತೊಟ್ಟಿಯಲ್ಲಿ ಕುತ್ತಿಗೆಮಟ್ಟ ಕೂತು
ಊರವರ ಸುದ್ದಿ ಹರಟಿದರೆ, ಅದೂ ಒಂದು ಸಲ.
ನೀನು ಮೇಲೆ ಬಂದು ಕಾಫಿ ಕುಡಿಯುತ್ತಿರುತ್ತೀ,
ಈಜು ಮುಗಿಯಿತೆಂದು ಕ್ಲೋರಿನ್‌ಗೆ ಗೊತ್ತಾಗುವುದಿಲ್ಲ.
ಚೀಲದ ಕತ್ತಲಲ್ಲಿ ಇಲಿಯ ಹಾಗೆ ಕೂತು
ಕಡಿಯುತ್ತಲೇ ಇರುತ್ತದೆ.

ರಾತ್ರಿ ಬೇಸಿನ್ನಿನಲ್ಲಿ ಚೂರು ಸೋಪು, ಮಗುವಿನ ಸೋಪು.
ಅದುಮು, ಬಿಡು. ಅದುಮು, ಬಿಡು.
ಮೆದುವಾಗಿಸುವ ಆ ನೀಲಿ ದ್ರವ ಬೇಡ,
ಬಟ್ಟೆಗೆ ಸಲುಗೆ ಕೊಟ್ಟು ಕೆಡಿಸುತ್ತದೆ.
ಟವೆಲಿನಲ್ಲಿ ಸುತ್ತಿ ತಟ್ಟು.
ರೇಡಿಯೇಟರ್ ಮೇಲೆ ಹರಡಿದರೆ ನನ್ನಾಣೆ.
ಬಿಸಿಲೇ? ನಗಬೇಡ, ಜೂನ್‌ನಲ್ಲಿ ನಮಗೂ ಬರುತ್ತದೆ,
ಬಂದರೆ ಹೋಗುವುದನ್ನೇ ಮರೆಯುತ್ತದೆ. ಆಗ ನೆರಳು ಹುಡುಕು.
ಗುರ್ ಎಂದು ತಿರುಗಿ ನೀರು ಹಾರಿಸುವ ಆ ಯಂತ್ರದ ಮುಚ್ಚಳ
ಹುಡುಗರು ಒತ್ತಿಕೊಂಡು ನಿಂತೇ ಇರುತ್ತಾರೆ.
ನೀನು ನಾಲ್ಕೆಣಿಸು, ಕೈ ತೆಗೆ.

ಮೂವತ್ತೊಂದು ವರ್ಷ ಇದೇ ಪಾಠ ಹೇಳಿದ್ದೇನೆ.
ಒಮ್ಮೆ ಮಾತ್ರ ತಪ್ಪಿದೆ.

ನನ್ನ ಕೌಂಟರಿನ ಹಿಂದೆ ಏಳನೇ ಕೊಕ್ಕೆ ಖಾಲಿ ಇದೆಯಲ್ಲ,
ಅಲ್ಲಿ ಸೋಲ್ವೇಗ್‌ಳ ಹಸಿರು ಉಡುಗೆ ಇತ್ತು.
ಬೆಳಿಗ್ಗೆ ಆರೂವರೆಗೆ ಬರುವವಳು, ಹಿಮ ಬೀಳುತ್ತಿದ್ದರೆ
ಉಣ್ಣೆ ಟೊಪ್ಪಿ ಹಾಕಿಕೊಂಡೇ ಈಜುವವಳು.
ಒಂದು ಗುರುವಾರ ಈಜಿ, ಜಾಲಿಸಿ, ನೇತುಹಾಕಿ,
ನಾಳೆ ಸಿಗೋಣ ಅಂದು ಹೋದಳು.
ನಾಳೆ ಬಂದವನು ಗಂಡ, ಆಸ್‌ಗ್ರಿಮುರ್.
ಉಡುಗೆಯನ್ನು ಕೈಯಲ್ಲಿ ಹಿಡಿದ. ಇನ್ನೂ ತೇವವಿತ್ತು.
"ಮನೆಗೆ ಒಯ್ದರೆ ಒಣಗಿಬಿಡುತ್ತೆ," ಅಂದ.
ಒಣಗುವುದೇ ಅಲ್ಲವೇ ಅದರ ಕೆಲಸ,
ಅನ್ನಬೇಕೆಂದಿದ್ದೆ. ಅನ್ನಲಿಲ್ಲ.

ಅವತ್ತಿನಿಂದ ದಿನಾ ಬಾಗಿಲು ಹಾಕುವ ಮುಂಚೆ
ಅದನ್ನು ನೀರಿಗದ್ದಿ ಕೊಕ್ಕೆಗೆ ಹಾಕಿದೆ.
ಬೆಳಿಗ್ಗೆ ಅವನು ಬೆರಳ ತುದಿಯಿಂದ ಮುಟ್ಟಿ ಹೋಗುತ್ತಿದ್ದ.
ನಲವತ್ತು ವರ್ಷ ದೋಣಿ ನಡೆಸಿದವನು, ಈಜಲು ಬಾರದವನು.
ತೇವ ಬಟ್ಟೆಗೆ ಒಳ್ಳೆಯದಲ್ಲ, ನನಗಿಂತ ಯಾರಿಗೆ ಗೊತ್ತು?
ಹೆಗಲ ಪಟ್ಟಿ ಜೋತಿತು. ಹಸಿರು ಬೂದಿಬಣ್ಣಕ್ಕೆ ಇಳಿಯಿತು.
ಹೊಲಿಗೆಯುದ್ದಕ್ಕೂ ಕಪ್ಪು ಚುಕ್ಕೆ ಎದ್ದವು.
ಫೆಬ್ರವರಿಯ ಕೊನೆಗೆ ಒಂದು ದಿನ
ಮುಟ್ಟಿದವನು ಮೂಗಿಗೂ ಹಿಡಿದ.
"ಇದು ಅವಳಿಗೆ ಇಷ್ಟವಾಗುತ್ತಿರಲಿಲ್ಲ.
ಒಣಗಲು ಎಷ್ಟು ಹೊತ್ತು ಬೇಕು?"
ಒಂದು ರಾತ್ರಿ, ಅಂದೆ. ಹಾಗೇ ಬಿಟ್ಟರೆ.

ಹಾಗೇ ಬಿಟ್ಟೆವು.

ಈಗ ಮಂಗಳವಾರ ಮಂಗಳವಾರ
ಮಕ್ಕಳ ಕೊಳದಲ್ಲಿ ತೋಳಿಗೆ ಗಾಳಿಬಳೆ ತೊಟ್ಟು
ಕಾಲು ಬಡಿಯುತ್ತಾನೆ. ಅಗೋ, ಕೇಳಿಸಿತೇ ಸದ್ದು?
ಚಡ್ಡಿಯನ್ನು ಮಾತ್ರ ಹಿಂಡಿ ಹಿಪ್ಪೆ ಮಾಡುತ್ತಾನೆ,
ಎಷ್ಟು ಹೇಳಿದರೂ ಕೇಳ.

ಕೊಡಿಲ್ಲಿ ನಿನ್ನದು. ಎರಡು ಇಟ್ಟುಕೋ, ಸರದಿಯ ಮೇಲೆ ತೊಡು,
ಹಿಗ್ಗಿದ್ದು ಕುಗ್ಗಲು ಅದಕ್ಕೂ ಒಂದು ದಿನ ಬೇಡವೇ?
ಸಂಬಳವಾಗಿಲ್ಲವೇ? ಆ ಪೆಟ್ಟಿಗೆಯಲ್ಲಿ ನೋಡು,
ಯಾರೂ ಕೇಳಿಕೊಂಡು ಬಾರದವು. ಎಲ್ಲ ಒಗೆದವೇ.
ಆ ಕೆಂಪನೆಯದು ನಿನಗಾದೀತು.