ತೂಗುಹನಿ

ಚೊಡಣದ ಗಜನಿಯಿಂದ ತಂದ ಕೆಸರು
ಮೂರು ವಾರದಿಂದ ಉಪ್ಪಿನಕಾಯಿ ಬಾಟ್ಲಿಯಲ್ಲಿದೆ,
ಕರಿ ಬಟ್ಟೆ ಹೊದ್ದು, ಅಲುಗಾಡದೆ.
ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ನಾತ.
ಇವೆಟ್ ಬಾಯಿ ಮೂಗು ಮುಚ್ಚುವುದಿಲ್ಲ,
ನಾನೂ ಬಿಟ್ಟಿದ್ದೇನೆ.

ಪಟ್ಟಿ ಅಯಸ್ಕಾಂತ ಯಾರೋ ಒಯ್ದವರು ಕೊಟ್ಟಿಲ್ಲ.
ಫ್ರಿಜ್ಜಿನ ಬಾಗಿಲಲ್ಲಿದ್ದ,
ಕಲಂಗುಟ್‌ನಲ್ಲಿ ಪ್ರವಾಸಿಗರಿಗೆ ಮಾರುವ
ನಗುವ ಮೀನನ್ನೇ ಕಿತ್ತೆವು.
ಅದರ ಬೆನ್ನಿಗೆ ಅಂಗಿಯ ಗುಂಡಿಯಷ್ಟು ಸೂಜಿಗಲ್ಲು.
ಟೇಪು ಹಚ್ಚಿ ಬಾಟ್ಲಿಯ ಪಕ್ಕೆಗೆ ಅಂಟಿಸಿ
ಚಾ ಕುಡಿದು ಬಂದೆವು.
ಗಾಜಿಗೆ ಒಳಗಿನಿಂದ ಒತ್ತಿಕೊಂಡು
ಮಂಜಿನಷ್ಟೇ ಒಂದು ಕಲೆ.

‘ನೋಡು ಬಾಳವ್ವಾ’ ಎಂದರು.
ಕನ್ನಡಿಯ ಕೆಳಗೆ ತೂಗುತ್ತಿದ್ದ ಹನಿಯಲ್ಲಿ ಅವು,
ಎಳ್ಳನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು,
ಎಲ್ಲ ಒಂದೇ ಅಂಚಿಗೆ ಮುಗಿಬಿದ್ದು.
ಮೀನನ್ನು ತಿರುವಿ ಹಿಡಿದೆ.
ಎಲ್ಲ ಒಮ್ಮೆಗೇ ಹೊರಳಿ ಆಚೆ ದಡಕ್ಕೆ ಹೊರಟವು.
ಮತ್ತೆ ತಿರುವಿದೆ. ಮತ್ತೆ ಹೊರಟವು.
ಹಾಗೆ ಏಳು ಸಲ.
ಆಮೇಲೆ ಕೈಗೆ ನಾಚಿಕೆಯಾಯಿತು.

ಒಳಗೆ ಕಪ್ಪು ಮಣಿಗಳ ಸರವಿದೆ ಇವಕ್ಕೆ,
ನೀರಲ್ಲಿ ಕರಗಿದ ಕಬ್ಬಿಣ ಕುಡಿದು
ತಾವೇ ಪೋಣಿಸಿಕೊಂಡದ್ದು.
ಇಷ್ಟು ಹಗುರಾದವಕ್ಕೆ ಕೆಳಗು ಎಂಬುದೇ ಇಲ್ಲ,
ಬಿದ್ದು ತಿಳಿಯುವಷ್ಟು ಭಾರವಿಲ್ಲ.
ಅದಕ್ಕೇ ಭೂಮಿಯ ಗೆರೆ ಹಿಡಿದು ಇಳಿಯುತ್ತವೆ,
ಉತ್ತರಕ್ಕೆ, ತುಸು ಆಳಕ್ಕೆ,
ಉಸಿರು ತೆಳುವಾದ ಜಾಗಕ್ಕೆ.
ಗೋವೆಯಲ್ಲಿ ಈ ಇಳಿಜಾರು ಹೆಚ್ಚೇನಿಲ್ಲ:
ಫೆರಿಗೆ ಸ್ಕೂಟರು ಇಳಿಸುವ ದಾರಿಯಷ್ಟು.

ನನ್ನಪ್ಪ ಬಾರ್ಜಿನಲ್ಲಿ ಅದಿರು ಸಮ ಮಾಡುತ್ತಿದ್ದ,
ಮಾಂಡೋವಿಯ ಇದೇ ನೀರಲ್ಲಿ, ಚೊಡಣ ದಾಟಿ, ಮುರಗಾಂವಿಗೆ.
ಮನೆಗೆ ಬಂದರೆ ಉಗುಳೂ ಕೆಂಪು.
ಅವ್ವ ನಲ್ಲಿಯ ಕೆಳಗೆ ಅವನ ಅಂಗಿ ಹಿಂಡುವಾಗ
ಎಷ್ಟು ಕಬ್ಬಿಣ ಗಟಾರಕ್ಕೆ ಹೋಯಿತೋ.
ಒಂದು ದಿನ ಅವನೇ ಹೋದ.
ಮೂರನೇ ದಿನ ಸಿಕ್ಕ.
ತಲೆ ಯಾವ ದಿಕ್ಕಿಗಿತ್ತೆಂದು ಯಾರೂ ನೋಡಿಡಲಿಲ್ಲ.

ಅವ್ವ ಕರಿಮಣಿ ಹರಿದದ್ದು ಶಾಸ್ತ್ರಕ್ಕಲ್ಲ.
ನೆಲದ ಮೇಲೆ ಕೂತು, ಎಣಿಸಿ, ನಡುವೆ ಕಡಿದು
ಅರ್ಧ ನನಗೆ, ಅರ್ಧ ಕಸ್ತೂರಿಗೆ ಕಟ್ಟಿದಳು.
ಒಂದು ಮಣಿ ಹೆಚ್ಚಾಯಿತು.
ಅದನ್ನು ಬಾಯಲ್ಲಿಟ್ಟುಕೊಂಡಳು.

ಬಾಯಿ ಹೇಳುತ್ತಿದ್ದರು:
ಒಂದು ಎರಡಾಗುವಾಗ ಇವೂ ಹಾಗೇ,
ಸರವನ್ನು ನಡುವೆ ಮುರಿಯುತ್ತವೆ,
ಮಿಕ್ಕದ್ದನ್ನು ಮಗಳು ತಾನೇ ಪೋಣಿಸಿಕೊಳ್ಳಬೇಕು.
‘ಇವೂ ಹಾಗೇ’ ಎಂದದ್ದು ನಾನೋ, ಅವರೋ.
ಸ್ಲೈಡು ತೊಳೆಯುತ್ತಿದ್ದೆ, ನಲ್ಲಿ ಜೋರು ಬಿಟ್ಟೆ.

ಸಂಜೆಗೆ ಹನಿ ಒಣಗತೊಡಗಿತ್ತು.
ಕೆಲವು ನಿಂತೇಬಿಟ್ಟಿದ್ದವು.
ಮೀನು ತಿರುವಿದೆ. ನಿಂತವೂ ತಿರುಗಿದವು.
‘ಜೀವ ಐತಿ’ ಎಂದೆ.
‘ಇಲ್ಲ. ಸತ್ತವೂ ತಿರುಗುತ್ತವೆ.
ತಿರುಗುವುದು ಕಬ್ಬಿಣದ ಕೆಲಸ.
ಈಜುವುದೊಂದೇ ಇವುಗಳದು.’

ವಾಸ್ಕೋ ಬಸ್ಸು ಕುಠ್ಠಾಳಿಯ ತಿರುವಿನಲ್ಲಿ ಹೊರಳಿತು.
ಸರಳು ಹಿಡಿದು ನಿಂತವರೆಲ್ಲ ಒಂದೇ ಕಡೆಗೆ ವಾಲಿದೆವು.
ಕಿಟಕಿಗೆ ತಲೆಯಿಟ್ಟು ನಿದ್ದೆಹೋದವನೂ ವಾಲಿದ.
ನನ್ನ ಸ್ಟಾಪಿನಲ್ಲಿ ಇಳಿದು ನಡೆದೆ,
ದೀಪ ಕಮ್ಮಿ ಇರುವ ಓಣಿ.
ಬಾಗಿಲ ಮುಂದೆ ಚೀಲಕ್ಕೆ ಕೈ ಹಾಕಿದರೆ
ಮರೆತು ತಂದ ಮೀನು,
ಮನೆಯ ಕೀಲಿ ಕಚ್ಚಿಕೊಂಡು ನಗುತ್ತಿದೆ.