ಅಳತೆ ಪುಸ್ತಕ

ಚಿಂತಾಮಣಿಯ ಜೋಡಿ ರಸ್ತೆಯಲ್ಲಿ, ಹಿಟ್ಟಿನ ಗಿರಣಿ ಪಕ್ಕ,
ಹನ್ನೊಂದು ವರ್ಷದಿಂದ ಈ ಬೀದಿಯ ಸೊಂಟಗಳ ಲೆಕ್ಕ
ನನ್ನ ಹತ್ತಿರ ಇದೆ. ಉದ್ದ ನೋಟುಪುಸ್ತಕ, ಪೆನ್ಸಿಲ್ ಅಂಕಿ.
ಯಾರಿಗೂ ತೋರಿಸಿಲ್ಲ.
ಗಂಡಂದಿರಿಗಂತೂ ಇಲ್ಲವೇ ಇಲ್ಲ.

ಯುಗಾದಿ ಹೊತ್ತಿಗೆ ಬಂದರು ರುಕ್ಮಾಂಗದ ಮೇಷ್ಟ್ರು,
ನಿವೃತ್ತಿಯಾದ ಮೇಲಿನ ಚೀಲದ ತುಂಬ ಹಸಿರು ಡಬ್ಬಿ:
ಮಧುನಾಶಿನಿ, ನೇರಳೆ ಬೀಜ, ಮೆಂತ್ಯ,
ಮತ್ತೆ ಹೆಸರೇ ಕೇಳದ ಒಂದು ಬೇರು.
'ಗಿಡದ್ದು ತಾನೆ, ಕೆಟ್ಟದ್ದೇನು ಮಾಡೀತು?'
ಕಾಸರಕವೂ ಗಿಡದ್ದೇ, ಅನ್ನುತ್ತಿದ್ದಳು ನಮ್ಮಜ್ಜಿ, ಇದ್ದಿದ್ದರೆ.
ಊಟಕ್ಕೆ ಮುಂಚೆ ಎರಡೆರಡು, ಬೀದಿಗೆ ಬೀದಿಯೇ ನುಂಗಿತು.
ನಾನೂ.

ದೀಪಾವಳಿ ರವಿಕೆಗೆ ಎಲ್ಲರೂ ಬಂದರು.
ಹಳೆ ಅಂಕಿಯ ಪಕ್ಕ ಹೊಸದು ಬರೆದೆ.
ಶಾಹೀದಾ: ನಲವತ್ತೊಂದಿದ್ದದ್ದು ನಲವತ್ತೂವರೆ.
ಕೋನಮ್ಮ: ನಲವತ್ನಾಲ್ಕು, ಈಗ ನಲವತ್ಮೂರೂವರೆ.
ಹಬ್ಬದ ಒಬ್ಬಟ್ಟು ಹಂಚಿದ ಹಾಗೆ ಎಲ್ಲರಿಗೂ ಅರ್ಧ ಇಂಚು.
ಅಂಗಡಿ ತುಂಬ ನಗು. ಮೇಷ್ಟ್ರಿಗೆ ಶಾಲು ಹೊದಿಸೋಣ ಅಂದರು.
ಶಾಹೀದಾ ಮಾತ್ರ ಲ್ಯಾಬಿನ ಚೀಟಿ ಮಡಿಸಿ ಪರ್ಸಿಗೆ ತುರುಕಿದಳು:
'ಸಕ್ಕರೆ ಅಲ್ಲೇ ಕೂತಿದೆ ಕಣಕ್ಕಾ,
ಹೋದ ಸಲದ ಜಾಗದಲ್ಲೇ, ಕಾಲು ಚಾಚಿಕೊಂಡು.'

ಸಂಜೆ ಕಾಜಾ ಹಾಕುವ ಮುನಿಲಕ್ಷ್ಮಿ, ಒಣಕಲು ಹುಡುಗಿ,
ಡಬ್ಬಿ ಕಡೆ ತಿರುಗಿಯೂ ನೋಡದವಳು,
'ನಂದೂ ನೋಡಕ್ಕಾ' ಅಂದಳು, ತಮಾಷೆಗೆ.
ಅವಳಿಗೂ ಕಾಲು ಇಂಚು ಕಮ್ಮಿ.

ಬಾಗಿಲು ಅರ್ಧ ಎಳೆದು
ಟೇಪನ್ನು ಕಟಿಂಗ್ ಮೇಜಿನ ಕಬ್ಬಿಣದ ಪಟ್ಟಿ ಮೇಲೆ ಹಾಸಿದೆ.
ಪಟ್ಟಿಯ ಅರವತ್ತು ಮುಗಿದರೂ ಟೇಪಿನ ಅರವತ್ತು ಬಂದಿಲ್ಲ,
ಇನ್ನೂ ಮುಕ್ಕಾಲು ಇಂಚು ಆಚೆ ಇದೆ.
ಕೊರಳಲ್ಲಿ ಜೋತು, ಬೆವರು ಕುಡಿದು, ದಿನಾ ನನ್ನ ಕೈಯಲ್ಲಿ ಎಳೆಸಿಕೊಂಡು
ಸಪೂರವಾಗಿ ಉದ್ದ ಬೆಳೆದಿತ್ತು. ನಮ್ಮಲ್ಲಿ ತೆಳ್ಳಗಾದದ್ದು ಅದೊಂದೇ.
ಬಟ್ಟೆಯನ್ನೂ ಅದರಲ್ಲೇ ಅಳೆದಿದ್ದೆ, ಹಾಗಾಗಿ
ರವಿಕೆಗಳೆಲ್ಲ ಸರಿಯಾಗೇ ಕೂತವು,
ಯಾರಿಗೂ ಅನುಮಾನ ಬರಲಿಲ್ಲ.

ಬೇರಿನಲ್ಲಿ ಏನೂ ಇಲ್ಲ ಅಂತ ನಾನು ಹೇಳೋದಿಲ್ಲ.
ಇದ್ದರೂ ಇದ್ದೀತು. ನನ್ನ ಪುಸ್ತಕಕ್ಕೆ ಅದು ಗೊತ್ತಿಲ್ಲ.
ಕೋನಮ್ಮ ಈಗ ಕೆರೆ ಏರಿ ಮೇಲೆ ಎರಡು ಸುತ್ತು ನಡೆಯುತ್ತಾಳೆ,
ಅರ್ಧ ಇಂಚು ಹೋದ ಖುಷಿಗೆ.
ಅವಳಿಗೆ ಏನಂತ ಹೇಳಲಿ?

ಮೂವತ್ತು ರೂಪಾಯಿಗೆ ಹೊಸ ಟೇಪು ತಂದೆ, ಗಾಜಿನೆಳೆಯದು, ಹಿಗ್ಗದಂತೆ.
ಮೊದಲು ನನ್ನದೇ ಸೊಂಟಕ್ಕೆ ಸುತ್ತಿದೆ.
ಬರೆದುಕೊಂಡೆ. ರಬ್ಬರಿಗೆ ಕೈ ಹೋಯಿತು, ಬಂತು.
ಡಬ್ಬಿಯಲ್ಲಿ ಇನ್ನೂ ಒಂಬತ್ತು ಮಾತ್ರೆ ಇವೆ.
ಕೋನಮ್ಮನ ಹಸಿರು ರವಿಕೆ ಎತ್ತಿಕೊಂಡು, ಎಂದಿನಂತೆ,
ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು
ಪಕ್ಕದ ಹೊಲಿಗೆ ಹಾಕಿದೆ.